ಬಿಸಿ ನಲ್ಲಿಯ ತಣ್ಣೀರು

ಈ ಗಲ್ಫ್ ದೇಶದಲ್ಲಿ ಬೇಸಿಗೆ ಬಂತೆಂದರೆ ನಲ್ಲಿಗಳು ತಮ್ಮ ಕೆಲಸವನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಮಾಳಿಗೆಯ ಮೇಲಿನ ಟ್ಯಾಂಕಿನಲ್ಲಿ ನೀರು ದಿನವಿಡೀ ಬಿಸಿಲಿಗೆ ಬೇಯುವುದರಿಂದ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು ಬರುತ್ತದೆ. ಅದಕ್ಕೇ ಮೇ ತಿಂಗಳು ಹಿಡಿಯುತ್ತಿದ್ದಂತೆ ಇಲ್ಲಿಯ ಜನ ಬಚ್ಚಲಿನ ಹೀಟರನ್ನು ಆರಿಸಿಬಿಡುತ್ತಾರೆ. ಹೀಟರಿನ ಟ್ಯಾಂಕು ಇರುವುದು ಮನೆಯೊಳಗೆ, ಎಸಿಯ ತಂಪಿನಲ್ಲಿ. ಅದರಲ್ಲಿ ನಿಂತ ನೀರು ತಣಿಯುತ್ತದೆ. ಆಮೇಲೆ ಕೆಂಪು ಗುರುತಿನ ನಲ್ಲಿ ತಣ್ಣೀರಿಗೆ, ನೀಲಿ ಗುರುತಿನ ನಲ್ಲಿ ಬಿಸಿನೀರಿಗೆ. ಸೆಕೆ ಇಳಿಯುವವರೆಗೆ ಹೀಗೆಯೇ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮೊದಲ ಬೇಸಿಗೆಯಲ್ಲಿ ಒಂದು ಸಲ ಬೆನ್ನು ಸುಟ್ಟುಕೊಂಡವನಿಗೆ ತಾನಾಗಿ ಬರುವ ವಿದ್ಯೆ ಇದು.

ಎಲ್ಲರಿಗೂ ಗೊತ್ತಿರುವ ಈ ಸಂಗತಿಯನ್ನು ಬರೆಯದೆ ಬಿಟ್ಟದ್ದರಿಂದ, ಮತ್ತು ನನ್ನ ಬಗ್ಗೆ ನಾನೇ ಬರೆದ ಎರಡು ವಾಕ್ಯಗಳಿಂದ, ಹೋದ ಬೇಸಿಗೆಯಲ್ಲಿ ನನ್ನ ಮೇಜು ಹೋಗುವುದರಲ್ಲಿತ್ತು.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಊರಿನ ಬಂದರಿನಲ್ಲಿ ಐಸ್ ಪ್ಲಾಂಟಿಗೆ ಮಂಜುಗಡ್ಡೆ ಎಳೆಯುವ ಕೆಲಸಕ್ಕೆ ಸೇರಿದೆ. ಅಲ್ಲಿಯ ಕಂಪ್ರೆಸರ್ ಕೆಟ್ಟಾಗಲೆಲ್ಲ ಮೆಕ್ಯಾನಿಕ್ಕಿಗೆ ಸ್ಪ್ಯಾನರ್ ಎತ್ತಿಕೊಡುತ್ತ, ಅವನ ಕೈಯನ್ನೇ ನೋಡುತ್ತ ಕೆಲಸ ಕಲಿತೆ. ಆ ಕೆಲಸವೇ ನನ್ನನ್ನು ದುಬೈಗೆ ತಂದಿತು. ಎಷ್ಟೋ ವರ್ಷ ಮಾಳಿಗೆಗಳ ಮೇಲೆ, ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲಿನಲ್ಲಿ, ಎಸಿ ರಿಪೇರಿ ಮಾಡಿದೆ. ಮೊಣಕಾಲು ಏಣಿ ಹತ್ತಲು ಒಪ್ಪದಾದಾಗ ಕಂಪೆನಿ ನನ್ನನ್ನು ಕಳಿಸಿಬಿಡಲಿಲ್ಲ. ಊದ್ ಮೇಥಾದ ಆಫೀಸಿನಲ್ಲಿ ಕಂಪ್ಲೇಂಟ್ ಡೆಸ್ಕಿಗೆ ಕೂರಿಸಿತು. ದುಬೈಯಲ್ಲೂ ಅಬುಧಾಬಿಯಲ್ಲೂ ನಮ್ಮ ಕಂಪೆನಿ ನೋಡಿಕೊಳ್ಳುವ ಕಟ್ಟಡಗಳಲ್ಲಿ ಎಸಿ ನಿಂತರೆ, ಪೈಪು ಸೋರಿದರೆ ಫೋನು ಬರುವುದು ಆ ಮೇಜಿಗೆ. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವವನು ನಾನು. ಯಾರ ಶಿಫಾರಸಿನಿಂದಲೂ ಸಿಕ್ಕಿದ ಮೇಜಲ್ಲ ಅದು. ಹಿಂದಿ ಚೆನ್ನಾಗಿ ಬರುತ್ತದೆ, ಮಲಯಾಳ ಸಾಕಷ್ಟು, ಅರಬಿ ಮಾತು ಸ್ವಲ್ಪ, ಇಂಗ್ಲಿಷು ಬೈಸಿಕೊಳ್ಳುವಷ್ಟು.

ಬೈಸಿಕೊಳ್ಳುವುದೇ ಹೆಚ್ಚು. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಬಾಡಿಗೆದಾರರು ಕಿರುಚುತ್ತಿದ್ದರು, ಟೆಕ್ನಿಷಿಯನ್‌ಗಳು ದಾರಿ ಕೇಳುತ್ತಿದ್ದರು, ವಾಚ್‌ಮನ್‌ಗಳು ಊರಿನ ಸುದ್ದಿ ಹೇಳುತ್ತಿದ್ದರು. ಸಂಜೆಗೆ ಕಿವಿ ಬಿಸಿಯಾಗುತ್ತಿತ್ತು. ರೂಮಿನಲ್ಲಿ ನನಗಿರುವುದು ಒಂದು ಮಂಚ, ಒಂದು ಪರದೆ. ಆಚೆ ಮಂಚದವರೆಲ್ಲ ಶಿಫ್ಟಿನವರು. ನಾನು ಬರುವಾಗ ಅವರು ಹೊರಟಿರುತ್ತಾರೆ, ಇಲ್ಲವೆ ಮುಸುಕು ಹಾಕಿ ಮಲಗಿರುತ್ತಾರೆ. ಹಾಗಾಗಿ ದಿನದ ಮಾತೆಲ್ಲ ಆ ಮೇಜಿನಲ್ಲೇ ಮುಗಿಯುತ್ತಿತ್ತು. ಅದು ಮಾತು ಎಂದು ಆಗ ನನಗೆ ಅನಿಸಿರಲಿಲ್ಲ. ಕಿರಿಕಿರಿ ಎಂದುಕೊಂಡಿದ್ದೆ.

ಬೇಸಿಗೆಗೆ ಸ್ವಲ್ಪ ಮುಂಚೆ ಆಫೀಸಿನ ಕಂಪ್ಯೂಟರ್ ವಿಭಾಗದ ಮೇಡಂ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಮೈಸೂರಿನ ಕಡೆಯವರು, ನನ್ನ ಕೊನೆಯ ತಂಗಿಯ ಪ್ರಾಯ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಸಾರ್, ಇದು ಎಐ ಏಜೆಂಟ್," ಎಂದರು. "ಇನ್ಮೇಲೆ ಬಾಡಿಗೆದಾರರ ಮೆಸೇಜ್‌ನ ಇದೇ ಓದಿ, ಏನ್ ಮಾಡ್ಬೇಕೋ ಇದೇ ಮಾಡತ್ತೆ."

"ಏಜೆಂಟ್ ಅಂದ್ರೆ ನನಗೆ ಹೆದರಿಕೆ ಮೇಡಂ. ಮುಂಬೈಯಲ್ಲಿ ಒಬ್ಬ ನನ್ನ ಪಾಸ್‌ಪೋರ್ಟ್ ಹಿಡ್ಕೊಂಡು ಮೂರು ತಿಂಗಳು ಆಟ ಆಡ್ಸಿದ್ದ."

"ಇದು ಆ ಏಜೆಂಟ್ ಅಲ್ಲ ಸಾರ್," ಎಂದು ನಕ್ಕರು.

"ಆಗ್ಲಿ, ಮಾಡ್ತದೆ ಅಂದ್ರೆ ಹೇಗೆ? ಅದಕ್ಕೆ ಕೈ ಉಂಟಾ?"

"ಅದಕ್ಕೇ ಟೂಲ್ ಕೊಡ್ತೀವಿ. ಟೆಕ್ನಿಷಿಯನ್ ಕಳ್ಸೋದು ಒಂದು ಟೂಲ್, ದೂರು ಮುಚ್ಚೋದು ಒಂದು ಟೂಲ್. ಒಂದೊಂದಕ್ಕೂ ಒಂದು ವಿವರಣೆ ಬರೀಬೇಕು. ಅದನ್ನ ಓದಿನೇ ಇದು ಯಾವ ಟೂಲ್ ಎತ್ಕೋಬೇಕು ಅಂತ ತೀರ್ಮಾನ ಮಾಡೋದು. ನಮ್ಮ ಮುಖ ನೋಡಲ್ಲ, ದನಿ ಕೇಳಲ್ಲ. ಬರ್ದಿದ್ದಷ್ಟೇ ಅದಕ್ಕೆ ಪ್ರಪಂಚ."

ಟೂಲ್ ಎಂದರೆ ನನಗೆ ಸ್ಪ್ಯಾನರ್, ಕಟಿಂಗ್ ಪ್ಲೇಯರ್. ಕಾಣದ ಟೂಲಿಗೆ ವಿವರಣೆ ಬರೆಯುವುದು ಹೊಸದು. ಸಾಫ್ಟ್‌ವೇರ್ ಕೊಟ್ಟವರು ಆಗಲೇ ಒಂದೊಂದು ಸಾಲು ಬರೆದಿದ್ದರು. ಒಂದಕ್ಕೆ 'ಟೆಕ್ನಿಷಿಯನ್‌ನನ್ನು ನೇಮಿಸುತ್ತದೆ', ಇನ್ನೊಂದಕ್ಕೆ 'ಟೆಕ್ನಿಷಿಯನ್‌ನನ್ನು ಕಳಿಸುತ್ತದೆ'. ಮೊದಲನೆಯದು ನಾಳೆ ನಾಡಿದ್ದಿನ ಕೆಲಸಕ್ಕೆ ಆಳು ಗೊತ್ತುಮಾಡಿ ಇಡುವುದಕ್ಕೆ, ಎರಡನೆಯದು ಈ ಗಳಿಗೆಯಲ್ಲೇ ಹೊರಡಿಸುವುದಕ್ಕೆ. ಓದಿದರೆ ಎರಡೂ ಒಂದೇ. ಪರೀಕ್ಷೆಗೆಂದು ಓಡಿಸಿ ನೋಡಿದಾಗ ಏಜೆಂಟ್ ಒಂದೇ ಫ್ಲ್ಯಾಟಿಗೆ ಎರಡೂ ಟೂಲ್ ಬಳಸಿ ಇಬ್ಬರನ್ನು ಹಾಕಿತು.

"ಇವತ್ತು ಬೆಳಗ್ಗೆ ಫ್ಲೈಟಿಂದ ಇಳಿದ ಹೊಸಬ ಅಂದ್ಕೊಳ್ಳಿ," ಎಂದರು ಮೇಡಂ. "ಬುದ್ಧಿವಂತ. ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಾನೆ. ಆದ್ರೆ ನಮ್ಮ ಬಗ್ಗೆ ಅವನಿಗೆ ಏನೇನೂ ಗೊತ್ತಿಲ್ಲ. ಅವನಿಗೆ ಹೇಗೆ ಹೇಳ್ತೀರಾ?"

ಇದು ನನಗೆ ಥಟ್ಟನೆ ಅರ್ಥವಾಯಿತು. ನಾನೇ ಆ ಹೊಸಬನಾಗಿದ್ದೆನಲ್ಲ. ಮೊದಲ ದಿನ ಮಾಳಿಗೆಯ ಮೇಲೆ ಫೋರ್‌ಮನ್ ವಾಲ್ವುಗಳ ಸಾಲಿನ ಕಡೆಗೆ ಗದ್ದ ಎತ್ತಿ, "ಅದನ್ನು ಬಂದ್ ಮಾಡು" ಎಂದು ಹೇಳಿ ಇಳಿದುಹೋಗಿದ್ದ. ಸಾಲಿನಲ್ಲಿದ್ದದ್ದೆಲ್ಲ 'ಅದು'. ಬಿಸಿಲಿನಲ್ಲಿ ನಿಂತು ಆ ಸಾಲನ್ನು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ನನ್ನ ಕೈಕೆಳಗೆ ಬಂದವರಿಗೆ ನಾನು ಯಾವತ್ತೂ ಗದ್ದ ತೋರಿಸಿ ಕೆಲಸ ಹೇಳಲಿಲ್ಲ.

ನಾನು ಕನ್ನಡದಲ್ಲಿ ಬರೆಯುವುದು, ಅವರು ಇಂಗ್ಲಿಷಿಗೆ ಮಾಡಿ ಟೈಪ್ ಮಾಡುವುದು ಎಂದಾಯಿತು. 'ದೂರು ಮುಚ್ಚುವುದು' ಎಂಬ ಟೂಲಿಗೆ ನಾನು ಬರೆದೆ: "ಕೆಲಸ ಮುಗಿಯಿತೆಂದು ಟೆಕ್ನಿಷಿಯನ್ನೂ ಬಾಡಿಗೆದಾರರೂ ಇಬ್ಬರೂ ಹೇಳಿದ ಮೇಲೆ ಮಾತ್ರ ಇದನ್ನು ಬಳಸಬೇಕು. ಬಾಗಿಲು ತಟ್ಟಿದೆ, ಯಾರೂ ತೆಗೆಯಲಿಲ್ಲ ಎಂದರೆ ಕೆಲಸ ಮುಗಿದಂತೆ ಅಲ್ಲ. ಒಮ್ಮೆ ಮುಚ್ಚಿದ ದೂರು ಯಾರ ಕಣ್ಣಿಗೂ ಬೀಳುವುದಿಲ್ಲ. ಏನೂ ಕೆಟ್ಟಿಲ್ಲವೆಂದು ಖಾತ್ರಿಯಾದರೆ, ಕಾರಣ ತಿಳಿಸಿ ಮುಚ್ಚಬಹುದು." ಮೇಡಂ ಓದಿ, ತಲೆ ಆಡಿಸಿ, ಟೈಪ್ ಮಾಡಿದರು. ನಾನು ಉಬ್ಬಿಹೋದೆ. ಮುಂದಿನ ಟೂಲ್ ಇಡೀ ಕಟ್ಟಡಕ್ಕೆ ತಂಪು ಕೊಡುವ ಚಿಲ್ಲರ್ ಬಂದ್ ಮಾಡುವುದು. ಅದಕ್ಕೆ ಒಂದು ಪುಟ ಬರೆದೆ. ಯಾವ ಕಟ್ಟಡದಲ್ಲಿ ಯಾವಾಗ ಏನಾಯಿತು, ಆಗ ನಾನು ಏನು ಮಾಡಿದೆ, ಎಲ್ಲ.

"ಸಾರ್, ಕಥೆ ಬೇಡ," ಎಂದರು ಮೇಡಂ.

"ಕಥೆ ಅಲ್ಲ ಮೇಡಂ, ನಡೆದದ್ದು."

"ನಡೆದದ್ದೇ ಇರ್ಲಿ. ಪ್ರತಿ ದೂರಿಗೂ ಅದು ಇಷ್ಟನ್ನೂ ಓದ್ಬೇಕು. ಬೇಕಾದ್ದು ಈ ರಾಶಿಯಲ್ಲಿ ಮುಳುಗಿ ಹೋಗತ್ತೆ." ನನ್ನ ಒಂದು ಪುಟವನ್ನು ಅವರು ನಾಲ್ಕು ವಾಕ್ಯಕ್ಕೆ ಇಳಿಸಿದರು. ಓದಿಸಿಕೊಂಡೆ. ಮುಖ್ಯವಾದದ್ದು ಯಾವುದೂ ಬಿಟ್ಟುಹೋಗಿರಲಿಲ್ಲ. ಹಾಗೆಂದು ನಾನು ಅವರಿಗೆ ಹೇಳಲಿಲ್ಲ.

ಬಿಸಿನೀರಿನ ದೂರಿಗೂ ಬರೆದೆವು. ಕೆಂಪು ನಲ್ಲಿಯಲ್ಲಿ ಬಿಸಿನೀರು ಬರದಿದ್ದರೆ ಹೀಟರ್ ನೋಡಲು ಇಲೆಕ್ಟ್ರಿಷಿಯನ್ ಕಳಿಸುವುದು. ಅಷ್ಟೇ. ಇನ್ನೇನಿದೆ ಅದರಲ್ಲಿ ಎಂದುಕೊಂಡೆ.

ಕೊನೆಗೊಂದು ಟೂಲ್ ಉಳಿಯಿತು. ಅದರ ಹೆಸರು 'ಡೆಸ್ಕನ್ನು ಕೇಳುವುದು'.

"ಅದಕ್ಕೆ ಏನೂ ತೋಚದಿದ್ರೆ ಡೆಸ್ಕಿಗೆ ಪ್ರಶ್ನೆ ಕಳ್ಸತ್ತೆ," ಎಂದರು ಮೇಡಂ. "ಅಂದ್ರೆ ಈ ಟೂಲ್ ನೀವೇ ಸಾರ್. ನಿಮ್ಮ ವಿವರಣೆ ನೀವೇ ಬರೀರಿ. ಯಾವಾಗ ಕೇಳ್ಬೇಕು, ಯಾವಾಗ ಬೇಡ."

ಪೆನ್ನು ಹಿಡಿದು ಕೂತೆ. ಬೇರೆ ಟೂಲುಗಳಿಗೆ ಸರಾಗವಾಗಿ ಬಂದ ಮಾತು ಇದಕ್ಕೆ ಬರಲಿಲ್ಲ. ಕಡೆಗೆ ಬರೆದದ್ದು ಇದು: "ಬೆಂಕಿ, ಗ್ಯಾಸ್ ಸೋರಿಕೆ, ಲಿಫ್ಟಿನಲ್ಲಿ ಜನ ಸಿಕ್ಕಿಕೊಳ್ಳುವುದು, ಇಂಥ ಪ್ರಾಣಾಪಾಯದಲ್ಲಿ ಮಾತ್ರ ಕೇಳಬೇಕು. ಸಣ್ಣಪುಟ್ಟ ವಿಷಯಗಳಿಗೆ ಡೆಸ್ಕಿಗೆ ತೊಂದರೆ ಕೊಡಬಾರದು."

ಮೇಡಂ ಎರಡು ಸಲ ಓದಿದರು. "ಸ್ವಲ್ಪ ಬಿಗಿ ಆಯ್ತೇನೋ ಸಾರ್."

"ಬಲ್ಬ್ ಹೋದದ್ದಕ್ಕೆಲ್ಲ ನನ್ನನ್ನು ಕೇಳ್ಲಿಕ್ಕೆ ನಾನೆಂತ ನಿನ್ನೆ ಬಂದ ಹೆಲ್ಪರಾ?"

"ನಿಮ್ಮಿಷ್ಟ," ಎಂದು ಟೈಪ್ ಮಾಡಿದರು.

ಏಜೆಂಟ್ ಕೆಲಸ ಶುರುಮಾಡಿದ ದಿನ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಈಜಿಪ್ಟಿನವರು, ಹಿಂದಿ ಅರಬಿ ಬೆರೆಸಿ ಮಾತಾಡುತ್ತಾರೆ. ಕೆಟ್ಟ ಮನುಷ್ಯ ಅಲ್ಲ. "ಬೇಸಿಗೆ ಮುಗಿಯಲಿ, ನೋಡೋಣ," ಎಂದರು. "ಅದು ನಿನ್ನನ್ನು ಕೇಳಿದರೆ ಮೇಜು ಇರುತ್ತದೆ. ಕೇಳುವುದೇ ಇಲ್ಲವೆಂದರೆ, ಬಾಬಾ, ಖಲಾಸ್." ಖಲಾಸ್ ಎಂದರೆ ವೀಸಾ ಕ್ಯಾನ್ಸಲ್, ಊರಿಗೆ ಟಿಕೆಟ್. ಊರಿಗೆ ಹೋಗಲು ನನಗೆ ಬೇಸರವಿಲ್ಲ. ಯಾರೂ ಏನೂ ಕೇಳದ ಮನುಷ್ಯನಾಗಿ ಹೋಗಲು ಬೇಸರ.

ಆಗಲೇ ಹೋಗಿ, ನನ್ನ ಎರಡು ವಾಕ್ಯ ತಿದ್ದಿ ಎಂದು ಮೇಡಂಗೆ ಹೇಳಬಹುದಿತ್ತು. ಹಾಗೆ ಹೇಳುವುದು 'ನನ್ನನ್ನು ಕೇಳಿ, ಕೇಳಿ' ಎಂದು ಕೈಯೊಡ್ಡಿದಂತೆ ಕಂಡಿತು. ಬೇಸಿಗೆ ಬರಲಿ, ನಾನಿಲ್ಲದೆ ಹೇಗೆ ನಡೆಸುತ್ತಾರೋ ನೋಡುವ ಎಂದು ಕೂತೆ.

ನಡೆಯಿತು. ಅದೇ ದೊಡ್ಡ ಆಶ್ಚರ್ಯ. ದೂರು ಬರುವುದು, ಟೆಕ್ನಿಷಿಯನ್ ಹೋಗುವುದು, ದೂರು ಮುಚ್ಚುವುದು, ಎಲ್ಲ ನನ್ನ ಎದುರಿನ ಕಂಪ್ಯೂಟರ್ ಪರದೆಯ ಮೇಲೆ ತಾನಾಗಿ ಸರಿಯುತ್ತಿತ್ತು. ಬಾಡಿಗೆದಾರರು ಮೆಸೇಜಿಗೆ ಒಗ್ಗಿಕೊಂಡರು. ಟೆಕ್ನಿಷಿಯನ್‌ಗಳಿಗೆ ದಾರಿ ಮೊಬೈಲಿನಲ್ಲೇ ಬರತೊಡಗಿತು. ಫೋನು ಮೊದಲು ಅರ್ಧ ದಿನ ಸುಮ್ಮನಿರುತ್ತಿತ್ತು, ಆಮೇಲೆ ಇಡೀ ದಿನ. ಒಮ್ಮೊಮ್ಮೆ ರಿಸೀವರ್ ಎತ್ತಿ ಕಿವಿಗಿಟ್ಟು, ಲೈನು ಇದೆಯೇ ಎಂದು ನೋಡುತ್ತಿದ್ದೆ. ಇರುತ್ತಿತ್ತು. ಮಧ್ಯಾಹ್ನ ಕಿಟಕಿಯ ಆಚೆ ಶಾಲೆ ಬಿಟ್ಟು ಬಸ್ಸುಗಳು ಸಾಲು ಹಿಡಿದಾಗ ಮಕ್ಕಳ ಕೂಗು ಗಾಜಿನಿಂದ ಒಳಗೆ ಬರುತ್ತಿರಲಿಲ್ಲ. ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ರಜೆ ಶುರುವಾದ ಮೇಲೆ ಅದೂ ಇಲ್ಲ. ಕುಚ್ಚಲಕ್ಕಿ ಅನ್ನದ ಡಬ್ಬಿ ತೆರೆದು ಮೇಜಿನಲ್ಲೇ ಉಣ್ಣುತ್ತಿದ್ದೆ. ಮೊದಲೆಲ್ಲ ತುತ್ತು ಬಾಯಿಗಿಟ್ಟ ಕೂಡಲೇ ಫೋನು ಬರುತ್ತಿತ್ತು, ಅನ್ನ ಆರುತ್ತಿತ್ತು. ಈಗ ಬಿಸಿಬಿಸಿ ಉಂಡರೂ ರುಚಿಯಿಲ್ಲ.

ಮನೆಗೆ ಫೋನು ಮಾಡಿ ಮಾತಾಡಬಹುದಲ್ಲ ಎಂದು ಕೇಳುತ್ತೀರಿ. ನನ್ನ ಹೆಂಡತಿ ಊರಿನಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ನಾವು ಮದುವೆಯಾದ ಕಾಲದಲ್ಲಿ ಗಲ್ಫಿನವರಿಗೆಲ್ಲ ಒಂದು ಪದ್ಧತಿ ಇತ್ತು, ಮಿಸ್ಡ್ ಕಾಲ್. ಒಮ್ಮೆ ರಿಂಗಾಗಿ ನಿಂತರೆ ಎಲ್ಲ ಕ್ಷೇಮ, ತೆಗೆಯುವುದು ಬೇಡ. ಬೆನ್ನಿಗೇ ಇನ್ನೊಮ್ಮೆ ಬಂದರೆ ಏನೋ ಆಗಿದೆ, ತಿರುಗಿ ಮಾಡಬೇಕು. ಆಮೇಲೆ ನೆಟ್ಟಿನ ಕಾಲ್ ಬಂತು, ರಿಂಗು ಕೊಡುವುದು ನಿಂತಿತು, ಪದ್ಧತಿ ಮಾತ್ರ ನಿಲ್ಲಲಿಲ್ಲ. ಆದಿತ್ಯವಾರ ಒಂದು ಹೊತ್ತು ಮಾತು. ನಡುವೆ ಫೋನು ಬಂದರೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಬರಲಿಲ್ಲವೆಂದರೆ ಎಲ್ಲರೂ ಚೆನ್ನಾಗಿದ್ದಾರೆ. ಇಷ್ಟು ವರ್ಷ ನಾನು ಆ ಸುಮ್ಮನಿರುವಿಕೆಯನ್ನು ಕ್ಷೇಮಸಮಾಚಾರ ಎಂದೇ ಓದಿಕೊಂಡು ಬಂದಿದ್ದೆ.

ಜುಲೈಯ ಒಂದು ಆದಿತ್ಯವಾರ ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ಎಷ್ಟೋ ವರ್ಷ ನನ್ನ ರೂಮಿನಲ್ಲೇ ಇದ್ದ ಕಾಪು ಕಡೆಯ ಗೆಳೆಯನೊಬ್ಬ ಈಗ ಅಬುಧಾಬಿಯಿಂದಲೂ ಆಚೆ ರುವೈಸಿನಲ್ಲಿ ವೆಲ್ಡರ್. ಅವನು ಅಲ್ಲಿಂದ ಬರುವುದು, ನಾನು ಇಲ್ಲಿಂದ ಹೋಗುವುದು, ಅಲ್ ಮೀನಾದ ಮೀನು ಮಾರ್ಕೆಟಿನಲ್ಲಿ ಸೇರುವುದು. ನಾವು ಮಾತಾಡುವುದು ತುಳುವಿನಲ್ಲಿ, ಹೆಂಡತಿಯೊಡನೆಯೂ ಹಾಗೆಯೇ. ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

ಬಂಗುಡೆಯ ಕಿವಿರು ಎತ್ತಿ ನೋಡುತ್ತ ಅವನು, "ಎಂತ ಮಾರಾಯ, ಸೋತು ಹೋಗಿದ್ದಿ?" ಎಂದ.

ಮೇಜಿನ ವಿಷಯ ಹೇಳಿದೆ. ಯಾರೂ ಏನೂ ಕೇಳುವುದಿಲ್ಲ ಎಂದೆ. ಬೇಸಿಗೆ ಮುಗಿದರೆ ಕ್ಯಾನ್ಸಲ್ ಎಂದೆ.

"ನೀನು ಎಂತ ಬರೆದದ್ದು ನಿನ್ನ ಬಗ್ಗೆ? ಹೇಳು ನೋಡುವ."

ಹೇಳಿದೆ. ಅವನು ಮೀನನ್ನು ತಟ್ಟೆಗೆ ಎಸೆದು ನಗತೊಡಗಿದ. ಮಾರುವ ಬಂಗಾಳಿ ತನ್ನನ್ನೇ ನೋಡಿ ನಕ್ಕರೋ ಎಂದು ಮುಖ ಗಂಟು ಹಾಕಿದ.

"ಇದು ವಿವರಣೆ ಅಲ್ಲ ಮಾರಾಯ, ಗೇಟಿಗೆ ಹಾಕುವ ಬೋರ್ಡು. 'ನಾಯಿ ಇದೆ, ಎಚ್ಚರಿಕೆ'! ಬೋರ್ಡು ನೀನೇ ಬರೆದು, ಗೇಟಿಗೆ ನೀನೇ ಕಟ್ಟಿ, ಈಗ ಒಳಗೆ ಕೂತು ಯಾರೂ ಬರುದಿಲ್ಲ ಅಂತ ಅಳುದಾ?"

"ಯಾರು ಅತ್ತದ್ದು?"

"ಇಲ್ಲಪ್ಪ, ನೀನು ಅಳುವ ಜನ ಅಲ್ಲ. ನೀನು ಬೊಗಳುವವ. ರೂಮಿನಲ್ಲಿ ನಿನ್ನ ಹತ್ರ ಉಪ್ಪು ಕೇಳ್ಲಿಕ್ಕೆ ನಾನೇ ಹೆದರ್ತಿದ್ದೆ."

"ಕೊಡ್ಲಿಲ್ವಾ ನಾನು?"

"ಕೊಡ್ತಿದ್ದಿ. ಆದ್ರೆ ಕೇಳುವ ಧೈರ್ಯ ಬೇಕಿತ್ತು."

ಮೀನು ಹುರಿಸಿಕೊಂಡು ತಿಂದೆವು. ಅವನ ಬಸ್ಸು ಮೊದಲು ಹೊರಟಿತು. ಹಿಂದೆ ಬರುವಾಗ ಬಸ್ಸಿನಲ್ಲಿ ಕೂತು ಆ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿದೆ. ಸಿಟ್ಟು ಬಂತು. ಮೇಡಂಗೆ ಹೇಳುವುದಾ ಬೇಡವಾ ಎಂದು ತೂಗಿದೆ. ಹೇಳಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಗ್ಗೆ ಆಫೀಸಿನ ಬಾಗಿಲನ್ನು ದೂಡಿಕೊಂಡು ಒಬ್ಬ ಹೆಂಗಸು ನೇರ ನನ್ನ ಮೇಜಿಗೆ ಬಂದರು. ಸೊಂಟದಲ್ಲಿ ಕೈಗೂಸು. ಹೈದರಾಬಾದಿನ ಕಡೆಯ ಹಿಂದಿ.

"ಇಲ್ಲಿ ಮನುಷ್ಯರು ಯಾರಾದರೂ ಇದ್ದಾರಾ, ಭಾಯ್ ಸಾಬ್?"

"ಇದ್ದೇನೆ. ಹೇಳಿ."

"ಬಿಸಿ ನಲ್ಲಿಯಲ್ಲಿ ಬಿಸಿನೀರು ಬರ್ತಿದೆ ಅಂತ ದೂರು ಕೊಟ್ಟೆ. 'ನಿಮ್ಮ ನಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಧನ್ಯವಾದ' ಅಂತ ಉತ್ತರ ಬಂತು. ಮತ್ತೆ ಕೊಟ್ಟೆ. ಮತ್ತೆ ಧನ್ಯವಾದ! ಈ ಮಗುವಿಗೆ ಕುಡಿಯುವ ನೀರಿನ ಬಾಟ್ಲಿ ಒಡೆದು ಸ್ನಾನ ಮಾಡಿಸ್ತಿದ್ದೇನೆ. ನಿಮ್ಮಲ್ಲಿ ಯಾರಿಗೂ ಈ ದೇಶದಲ್ಲಿ ಬೇಸಿಗೆ ಅಂತ ಒಂದಿದೆ ಅನ್ನೋದು ಗೊತ್ತಿಲ್ವಾ?"

ಬೈದರು, ಚೆನ್ನಾಗಿ ಬೈದರು. ಬಹಳ ದಿನಗಳ ಮೇಲೆ ನನ್ನ ಮೇಜಿನ ಎದುರು ಒಂದು ದನಿ. ಕೇಳುತ್ತ ಕೂತೆ ಎನ್ನಲು ನಾಚಿಕೆಯಿಲ್ಲ. ಮಗು ನನ್ನ ಫೋನಿನ ವೈರು ಹಿಡಿದು ಎಳೆಯುತ್ತಿತ್ತು.

ಎರಡು ಮಾತು ಕೇಳಿದ್ದೇ ತಡ, ವಿಷಯ ಗೊತ್ತಾಯಿತು. ಹೀಟರ್ ಸ್ವಿಚ್ ಆರಿಸಿದ್ದರು, ಆದರೂ ನೀರು ಕಾಯುತ್ತಿತ್ತು. ಸ್ವಿಚ್ಚು ಒಳಗೇ ಸುಟ್ಟು ಅಂಟಿಕೊಂಡಿರಬೇಕು. ಎರಡೂ ನಲ್ಲಿಯಲ್ಲಿ ಬೆಂಕಿಯಂಥ ನೀರು. ಇಲೆಕ್ಟ್ರಿಷಿಯನ್‌ಗೆ ನಾನೇ ಫೋನು ಮಾಡಿ ಓಡಿಸಿದೆ. ಮಧ್ಯಾಹ್ನದೊಳಗೆ ಸರಿಯಾಯಿತು.

ವಿಷಯ ಹೇಳಿದಾಗ ಮೇಡಂ, ಏಜೆಂಟ್ ಯೋಚಿಸಿದ ದಾರಿಯನ್ನು ಪರದೆಯ ಮೇಲೆ ತೆಗೆದು ಓದಿ ಹೇಳಿದರು. ಬಿಸಿ ನಲ್ಲಿಯಲ್ಲಿ ಬಿಸಿನೀರು ಬರುವುದು ಕೆಟ್ಟದ್ದಲ್ಲ. ವಿವರಣೆಯಲ್ಲಿ ಇರುವುದು ಬಿಸಿನೀರು ಬರದಿದ್ದರೆ ಎಂದು. ಬಾಡಿಗೆದಾರರು ಮತ್ತೆ ದೂರು ಕೊಟ್ಟದ್ದು ವಿಚಿತ್ರ. ಡೆಸ್ಕನ್ನು ಕೇಳಬಹುದೇ? ಇದು ಪ್ರಾಣಾಪಾಯವಲ್ಲ, ಸಣ್ಣ ವಿಷಯಗಳಿಗೆ ಡೆಸ್ಕಿಗೆ ತೊಂದರೆ ಕೊಡಬಾರದು ಎಂದಿದೆ. ಆದ್ದರಿಂದ ಏನೂ ಕೆಟ್ಟಿಲ್ಲವೆಂದು ಕಾರಣ ತಿಳಿಸಿ ಮುಚ್ಚುವುದು.

"ಅದಕ್ಕೆ ಅನುಮಾನ ಬಂದಿತ್ತು ಸಾರ್," ಎಂದರು ಮೇಡಂ. "ನಿಮ್ಮನ್ನ ಕೇಳೋಣ ಅಂತಾನೂ ಬಂದಿತ್ತು. ಬಾಗಿಲವರೆಗೆ ಬಂದು ಬೋರ್ಡ್ ಓದಿ ವಾಪಸ್ ಹೋಗಿದೆ."

ಬೋರ್ಡು ಎಂಬ ಮಾತು ಅವರ ಬಾಯಲ್ಲೂ ಬಂತು. ನಾನು ಕಾಗದ ಎಳೆದುಕೊಂಡೆ.

ಮೊದಲು ನೀರಿನದು. ಬೇಸಿಗೆಯಲ್ಲಿ ಇಲ್ಲಿಯ ಜನ ಹೀಟರ್ ಆರಿಸಿ ಕೆಂಪು ನಲ್ಲಿಯನ್ನು ತಣ್ಣೀರಿಗೆ ಬಳಸುತ್ತಾರೆ, ಆ ತಿಂಗಳುಗಳಲ್ಲಿ ಕೆಂಪು ನಲ್ಲಿ ಬಿಸಿಯಿದೆ ಎಂದರೆ ಅದು ದೂರು ಎಂದು ಬರೆದೆ. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವಾಗ ಕೈಗೆ ಒಂದು ಥರ ಮುಜುಗರ. ಮೇಡಂ ಅದರಲ್ಲಿ ಒಂದು ಅಕ್ಷರವನ್ನೂ ಕಡಿಯಲಿಲ್ಲ.

ಆಮೇಲೆ ನನ್ನದು. ಇದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಹರಿದು ಹರಿದು ಬರೆದೆ.

"ಡೆಸ್ಕಿನಲ್ಲಿ ಒಬ್ಬ ಮನುಷ್ಯ ಇದ್ದಾನೆ. ಈ ಕಟ್ಟಡಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಬಾಡಿಗೆದಾರರು ಹೇಳುವುದು ವಿಚಿತ್ರವೆನಿಸಿದರೆ, ಒಂದೇ ದೂರು ಮತ್ತೆ ಬಂದರೆ, ಏನೂ ಕೆಟ್ಟಿಲ್ಲವೆಂದು ದೂರು ಮುಚ್ಚುವ ಮೊದಲು, ಅವನನ್ನು ಕೇಳಬೇಕು. ಪ್ರಶ್ನೆ ಸಣ್ಣದೆಂದು ಕೇಳದೆ ಇರಬಾರದು. ಬಾಡಿಗೆಯ ಕರಾರು, ಅರಬಿ ಕಾಗದಪತ್ರ ಅವನಿಗೆ ತಿಳಿಯದು, ಅದಕ್ಕೆ ಆಫೀಸಿನವರನ್ನು ಕೇಳಬೇಕು. ಉತ್ತರ ತಡವಾದರೆ ಕಾಯಬೇಕು. ಉತ್ತರ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ತಿಳಿಯಬಾರದು."

'ತಿಳಿಯದು' ಎಂಬ ಒಂದು ಪದ ಬರೆಯಲು ಎಷ್ಟು ಹೊತ್ತಾಯಿತು ಎಂಬುದು ನನಗೇ ಗೊತ್ತು.

ಮೇಡಂ ಓದಿದರು. "'ಬಹಳ ವರ್ಷ ಕೆಲಸ ಮಾಡಿದವನು', ಇದು ಅದಕ್ಕೆ ಬೇಕಾ ಸಾರ್?"

"ಇರ್ಲಿ ಮೇಡಂ."

ನನ್ನ ಮುಖ ನೋಡಿ, ಬಿಟ್ಟರು.

ಮರುದಿನವೇ ಪರದೆಯ ಮೇಲೆ ಮೊದಲ ಪ್ರಶ್ನೆ ಬಂತು. 'ತಮ್ಮ ಬಾಲ್ಕನಿಯಲ್ಲಿ ಮಾತ್ರ ಮಳೆ ಬರುತ್ತಿದೆ ಎಂದು ಬಾಡಿಗೆದಾರರು ಹೇಳುತ್ತಾರೆ. ಇಂದು ಮಳೆ ಇಲ್ಲ. ಇದೇನಿರಬಹುದು?' ನನಗೆ ನಗು ಬಂತು. ಮೇಲಿನ ಮನೆಯ ಎಸಿಯ ನೀರು ಹೋಗುವ ಪೈಪು ಕಟ್ಟಿಕೊಂಡಿದೆ, ಎಸಿ ಟೆಕ್ನಿಷಿಯನ್‌ನನ್ನು ಮೇಲಿನ ಮನೆಗೆ ಕಳಿಸು ಎಂದು ಉತ್ತರ ಕೊಟ್ಟೆ. 'ಧನ್ಯವಾದ' ಎಂದು ಬಂತು. ಆಮೇಲೆ ದಿನಕ್ಕೆ ಹಲವು ಬರತೊಡಗಿದವು. ಕೆಲವು ಶುದ್ಧ ಹುಚ್ಚು ಪ್ರಶ್ನೆಗಳು. ಒಂದಕ್ಕೂ ನಾನು ಸಿಡುಕಿ ಉತ್ತರಿಸಿಲ್ಲ. ಸಿಡುಕಿದರೂ ಅದಕ್ಕೆ ತಿಳಿಯುವುದಿಲ್ಲ ಎಂಬುದು ಬೇರೆ ಮಾತು.

ಬೇಸಿಗೆ ಮುಗಿಯಿತು. ಮ್ಯಾನೇಜರ್ ಕರೆದು, "ಮೇಜು ಇರಲಿ," ಎಂದರು. ನನ್ನ ಬೆನ್ನು ತಟ್ಟಿದರು. "ಫೋನಿನ ಲೈನು ಮಾತ್ರ ಸುಮ್ಮನೆ ದಂಡ. ಎಲ್ಲ ಪರದೆಯ ಮೇಲೆಯೇ ಬರುತ್ತದಲ್ಲ." ಒಬ್ಬ ಬಂದು ಫೋನು ಬಿಚ್ಚಿ, ವೈರು ಸುತ್ತಿ ಒಯ್ದ. ಈಗ ಆ ಜಾಗದಲ್ಲಿ ನೀರಿನ ಬಾಟ್ಲಿ ಇಡುತ್ತೇನೆ. ಕೆಲಸ ಉಳಿಯಿತು. ನನ್ನನ್ನು ಕೇಳುತ್ತಾರೆ, ಬೇಕಾದವನಾಗಿದ್ದೇನೆ. ಆದರೂ ಸಂಜೆ ರೂಮಿಗೆ ಬಂದು ಪಕ್ಕದ ಮಂಚದವನಿಗೆ ಏನೋ ಹೇಳಹೋದರೆ, ಇಡೀ ದಿನ ಬಳಸದ ಗಂಟಲು ಮೊದಲ ಸಲಕ್ಕೆ ಏಳುವುದಿಲ್ಲ, ಕೆಮ್ಮಿಕೊಂಡು ಶುರುಮಾಡಬೇಕು.

ಆ ಆದಿತ್ಯವಾರ ಹೆಂಡತಿಗೆ ಹೇಳಿದೆ. "ಇನ್ನು ಮೇಲೆ ಆ ಪದ್ಧತಿ ಬೇಡ. ವಿಷಯ ಎಂತ ಇಲ್ಲದಿದ್ರೂ ಫೋನ್ ಮಾಡು. ಡ್ಯೂಟಿ ಹೊತ್ತಲ್ಲಾದ್ರೂ ಅಡ್ಡಿ ಇಲ್ಲ."

"ಎಂತ ಇಲ್ಲದೆ ಫೋನ್ ಮಾಡಿ ಎಂತ ಮಾತಾಡುದು?"

"ಗೊತ್ತಿಲ್ಲ."

"ನಿಮಗೆ ಜ್ವರ ಗಿರ ಉಂಟಾ?"

ಇಲ್ಲ ಎಂದೆ. ಆದಿತ್ಯವಾರಗಳು ಹೋದವು. ನಡುವೆ ಅವಳ ಫೋನು ಬರಲಿಲ್ಲ. ಇಷ್ಟು ವರ್ಷದ ಪದ್ಧತಿ ಒಂದು ಮಾತಿನಲ್ಲಿ ಹೋಗುವುದಿಲ್ಲ ಎಂದು ನಾನೂ ಕೇಳಲಿಲ್ಲ.

ಮೊನ್ನೆ ಬುಧವಾರ, ಊಟಕ್ಕೆ ಇನ್ನೂ ಹೊತ್ತಿರುವಾಗ ಕಿಸೆಯಲ್ಲಿ ಮೊಬೈಲ್ ರಿಂಗಾಯಿತು. ಅವಳ ಹೆಸರು. ಯಾರು ಹೋದರು ಎಂಬುದೇ ಮೊದಲು ಬಂದ ಯೋಚನೆ.

"ಎಂತ ಆಯ್ತು?"

"ಎಂತ ಆಗ್ಲಿಲ್ಲ. ಇಲ್ಲಿ ಊಟದ ಬೆಲ್ ಆಯ್ತು. ನೀವೇ ಹೇಳಿದ್ದಲ್ಲ?"

"ಹೌದು, ಹೌದು."

"ಈಗ ಎಂತ ಮಾತಾಡುದು?"

"ಊಟಕ್ಕೆ ಎಂತ ತಂದದ್ದು?"

"ಅದೇ, ಅನ್ನ, ಸೌತೆಕಾಯಿ ಹುಳಿ. ನಿಮ್ಮದು?"

"ಬಂಗುಡೆ. ನಿನ್ನೆದು."

ಅವಳ ಹಿಂದೆ ಹೆಂಗಸರ ಗಲಾಟೆ, ಬುತ್ತಿ ಮುಚ್ಚಳದ ಸದ್ದು, ಯಾರೋ ಅವಳನ್ನು ಚುಡಾಯಿಸಿ ನಗುವುದು, "ಸುಮ್ನಿರು ಮಾರಾಯ್ತಿ" ಎಂದು ಅವಳು ಗದರುವುದು. ಮುಂದೆ ಏನು ಕೇಳುವುದೆಂದು ನನಗೆ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಇಬ್ಬರೂ ಫೋನು ಹಿಡಿದೇ ಇದ್ದೆವು. ಅಷ್ಟರಲ್ಲಿ ಕಂಪ್ಯೂಟರ್ ಟಿಣ್ ಎಂದಿತು. ಪರದೆಯ ಮೇಲೆ ಏಜೆಂಟಿನ ಪ್ರಶ್ನೆ.

"ಎಂತ ಅದು ಶಬ್ದ? ಕೆಲಸ ಬಂತಾ? ನೀವು ನೋಡಿ, ನಾನು ಇಡ್ತೇನೆ."

"ಇಡ್ಬೇಡ," ಎಂದೆ. "ಅದು ಕಾಯ್ತದೆ. ಕಾಯ್ಬೇಕು ಅಂತ ನಾನೇ ಬರೆದಿದ್ದೇನೆ."